ಗ್ರಿಗ್ನಾರ್ಡ್ ‘ಸ್ಟಾರ್ಟ್’ ಆಗುತ್ತಿಲ್ಲವೇ? ಎರಡು ದಿನ ಮುಂಚಿನಿಂದ ಹರಳು ಒಣಗುವವರೆಗಿನ ಸಮಗ್ರ ಮಾರ್ಗದರ್ಶಿ

“ಮೇಡಂ, ಒಂದೂವರೆ ಗಂಟೆ ಆಯ್ತು, ಇನ್ನೂ ಸ್ಟಾರ್ಟ್ ಆಗಿಲ್ಲ.”

ಎಂ.ಎಸ್ಸಿ. ಪ್ರಾಜೆಕ್ಟಿನ ಹುಡುಗರಿಂದ ಈ ಮಾತು ಕೇಳದ ಮಳೆಗಾಲ ನನಗೆ ನೆನಪಿಲ್ಲ. ಮಾತು ಗ್ರಿಗ್ನಾರ್ಡ್ ಕ್ರಿಯೆಯದು: ಮೆಗ್ನೀಸಿಯಂ ಲೋಹಕ್ಕೆ ಹ್ಯಾಲೈಡ್ (ಬ್ರೋಮಿನ್‌ನಂಥ ಹ್ಯಾಲೋಜನ್ ಇರುವ ಸಾವಯವ ಸಂಯುಕ್ತ) ಸೇರಿಸಿ ಕಾರಕ ತಯಾರಿಸಿ, ಅದನ್ನು ಕೀಟೋನ್ ಜೊತೆ ಸೇರಿಸಿ ಆಲ್ಕೊಹಾಲ್ ಮಾಡುವುದು. ಹೋಗಿ ನೋಡಿದರೆ ಮೆಗ್ನೀಸಿಯಂ ಹಾಕಿದ ಹಾಗೇ ತಳದಲ್ಲಿ ಬಿದ್ದಿರುತ್ತದೆ, ಅದರ ಮೇಲೆ ಈಥರ್ ತಿಳಿನೀರಿನ ಹಾಗೆ ನಿಂತಿರುತ್ತದೆ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಇರುವುದು ಒಂದೇ ಸಾಲು: ಒಣ ಈಥರ್‌ನಲ್ಲಿ ಮೆಗ್ನೀಸಿಯಂ ಜೊತೆ ಬ್ರೋಮೋಬೆಂಜೀನ್ ಸೇರಿಸಿ. ‘ಒಣ’ ಅನ್ನುವ ಆ ಎರಡಕ್ಷರದಲ್ಲೇ ಮುಕ್ಕಾಲು ಪಾಲು ಕೆಲಸ ಇದೆ. ಆ ಕೆಲಸ ಮುಗಿಯಬೇಕಾದದ್ದು ಹಿಂದಿನ ದಿನ. ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಬಂದು ಓವನ್ ಹಾಕುವವರಿಗೆ ಈ ಕ್ರಿಯೆ ಒಲಿಯುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ವಿಕ್ಟರ್ ಗ್ರಿನ್ಯಾರ್ ಅನ್ನುವುದು ಫ್ರೆಂಚ್ ಉಚ್ಚಾರ, ನಮ್ಮ ಲ್ಯಾಬುಗಳಲ್ಲಿ ಎಲ್ಲರೂ ಗ್ರಿಗ್ನಾರ್ಡ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅವರ ಗುರು ಬಾರ್ಬಿಯೇ ಲೋಹ, ಹ್ಯಾಲೈಡ್, ಕೀಟೋನ್ ಮೂರನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದರು. ಶಿಷ್ಯ 1900ರಲ್ಲಿ ತೋರಿಸಿಕೊಟ್ಟದ್ದು ಕ್ರಮ: ಮೊದಲು ಲೋಹ ಮತ್ತು ಹ್ಯಾಲೈಡ್ ಸೇರಿಸಿ ಈಥರ್‌ನಲ್ಲಿ ಕಾರಕ ತಯಾರಿಸಿ, ಅದು ಪೂರ್ತಿ ಆದ ಮೇಲೆ ಕೀಟೋನ್ ಹಾಕಿ. 1912ರ ನೊಬೆಲ್‌ನಲ್ಲಿ ಅವರ ಪಾಲಿಗೆ ಬಂದದ್ದು ಈ ಕಾರಕಕ್ಕೆ. ಕೆಳಗಿನ ಹಂತಗಳಲ್ಲೂ ಕ್ರಮವೇ ಮುಖ್ಯ, ಅದನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ತೆಗೆದುಕೊಂಡಿರುವ ಉದಾಹರಣೆ ಬ್ರೋಮೋಬೆಂಜೀನ್‌ನಿಂದ ಫೀನೈಲ್ ಮೆಗ್ನೀಸಿಯಂ ಬ್ರೋಮೈಡ್, ಅದಕ್ಕೆ ಬೆಂಜೋಫೀನೋನ್ ಸೇರಿಸಿ ಟ್ರೈಫೀನೈಲ್‌ಮೆಥನಾಲ್. ಮಾರ್ಗದರ್ಶಕರು ಪಕ್ಕದಲ್ಲಿರುವ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗಾಜಿನ ಗೂಡು) ಇರುವ ಲ್ಯಾಬಿನಲ್ಲಿ ಮಾತ್ರ ಮಾಡಿ.

ಬೆಂಗಳೂರಿನಲ್ಲಿ ಏನು ಬೇರೆ

ನಾವು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ. ಗಾಳಿಯ ಒತ್ತಡ ಸಮುದ್ರ ಮಟ್ಟದ ಒತ್ತಡದ ಶೇ 90ರಷ್ಟು. ಹಾಗಾಗಿ ಪುಸ್ತಕದಲ್ಲಿ 34.6 ಡಿಗ್ರಿ ಎಂದಿರುವ ಈಥರ್‌ನ ಕುದಿಬಿಂದು ಇಲ್ಲಿ 31, 32ರ ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಲ್ಯಾಬಿನ ಗಾಳಿಯೇ ಅಷ್ಟು ಬಿಸಿ ಇರುತ್ತದೆ. ಟೆರೇಸಿನ ಟ್ಯಾಂಕಿನಿಂದ ಬರುವ ನೀರೂ ಉಗುರು ಬೆಚ್ಚಗೆ. ಅಂಥ ನೀರನ್ನು ಕಂಡೆನ್ಸರ್‌ಗೆ (ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಗಾಜಿನ ಕೊಳವೆಗೆ) ಬಿಟ್ಟರೆ ಈಥರ್ ನಿಲ್ಲುವುದಿಲ್ಲ, ಹೊಗೆಗೂಡಿನ ಹೊಗೆಯ ಹಾಗೆ ಮೇಲೆ ಹೊರಟುಹೋಗುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ತೊಂದರೆ ಬೇರೆ. ಬೆಳಗಿನ ತೇವಾಂಶ ಶೇ 80 ದಾಟಿರುತ್ತದೆ. ತಣ್ಣಗಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರಲು ಅಷ್ಟು ಸಾಕು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೆಬ್ರುವರಿ, ಮಾರ್ಚ್‌ನ ಬೆಳಗಿನ ಹೊತ್ತು ಒಳ್ಳೆಯದು. ಪ್ರಾಜೆಕ್ಟಿನ ವೇಳಾಪಟ್ಟಿ ನಮ್ಮನ್ನು ಕೇಳಿ ಬರುವುದಿಲ್ಲ, ಅದೂ ಗೊತ್ತು.

ಅಳತೆ ಮತ್ತು ಸಲಕರಣೆ

ಮೆಗ್ನೀಸಿಯಂ ಟರ್ನಿಂಗ್ಸ್ (ಸುರುಳಿ ಚೂರು) 0.54 ಗ್ರಾಂ (22 ಮಿಲಿಮೋಲ್; ಮಿಲಿಮೋಲ್ ಅಂದರೆ ಕಣಗಳ ಸಂಖ್ಯೆಯ ಅಳತೆ). ಬ್ರೋಮೋಬೆಂಜೀನ್ 2.1 ಎಂ.ಎಲ್., ಅಂದರೆ 3.14 ಗ್ರಾಂ (20 ಮಿಲಿಮೋಲ್). ಬೆಂಜೋಫೀನೋನ್ 2.9 ಗ್ರಾಂ (16 ಮಿಲಿಮೋಲ್). ಒಣ ಈಥರ್ ಒಟ್ಟು 30 ಎಂ.ಎಲ್., ಚೆಲ್ಲಿದರೆ ಇರಲಿ ಎಂದು ಇನ್ನೊಂದು 10. ಅಯೋಡಿನ್‌ನ ಒಂದೆರಡು ಹರಳು.

ಬೆಂಜೋಫೀನೋನ್ ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಕಾರಕ ನೀರಿನ ಪಾಲಾಗುತ್ತದೆ, ಸ್ವಲ್ಪ ಬೈಫೀನೈಲ್ ಎಂಬ ಬೇಡದ ಪದಾರ್ಥವಾಗುತ್ತದೆ. ಆ ನಷ್ಟವನ್ನು ಲೆಕ್ಕದಲ್ಲಿ ಮೊದಲೇ ಹಿಡಿದಿದ್ದೇನೆ.

ಸಲಕರಣೆ: 100 ಎಂ.ಎಲ್. ಮೂರು ಕುತ್ತಿಗೆಯ ಆರ್‌ಬಿ (ದುಂಡು ತಳದ) ಫ್ಲಾಸ್ಕ್, ರಿಫ್ಲಕ್ಸ್ ಕಂಡೆನ್ಸರ್, ಡ್ರಾಪಿಂಗ್ ಫನಲ್, ಸೆಪ್ಟಮ್ (ರಬ್ಬರ್ ಮುಚ್ಚಳ), ಗಾರ್ಡ್ ಟ್ಯೂಬ್ (ಒಳಬರುವ ಗಾಳಿಯ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆ) ಅಥವಾ ನೈಟ್ರೋಜನ್ ಬಲೂನ್, ಮ್ಯಾಗ್ನೆಟಿಕ್ ಸ್ಟರರ್. ಬಲೂನ್ ಹುಟ್ಟುಹಬ್ಬದ್ದು ಬೇಡ, ಅದರ ತೆಳು ರಬ್ಬರಿನಲ್ಲಿ ಗಾಳಿಯೂ ತೇವವೂ ಒಳಗೆ ನುಸುಳುತ್ತವೆ. ದಪ್ಪ ಲ್ಯಾಟೆಕ್ಸಿನದು ತನ್ನಿ.

ಕಂಡೆನ್ಸರ್‌ಗೆ ನಲ್ಲಿ ನೀರು ಬೇಡ. ಒಂದು ಬಕೆಟ್ ನೀರು, ಅದರಲ್ಲಿ ಮಂಜುಗಡ್ಡೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮುಳುಗುವ ಪಂಪ್, ಎರಡು ಟ್ಯೂಬ್. ಇಷ್ಟಿದ್ದರೆ ಏಪ್ರಿಲ್‌ನಲ್ಲೂ ಈಥರ್ ಕೈಗೆ ಸಿಗುತ್ತದೆ. 2024ರ ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರೇ ಇಲ್ಲದಾಗ ನಾವು ಬಕೆಟ್‌ಗೆ ಬದಲಾದೆವು, ಮತ್ತೆ ನಲ್ಲಿಗೆ ಹೋಗಿಲ್ಲ.

ಹುಡ್ ಪಕ್ಕದಲ್ಲಿ ಒಣ ಮರಳಿನ ಡಬ್ಬ ಇರಲೇಬೇಕು. ಮೆಗ್ನೀಸಿಯಂಗೆ ಬೆಂಕಿ ಹತ್ತಿದರೆ ನೀರು ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಅದು ಆರುವುದಿಲ್ಲ, ಇನ್ನೂ ಜೋರಾಗುತ್ತದೆ.

ಹಂತ 1: ಈಥರ್ ಒಣಗಿಸುವುದು (ಎರಡು ದಿನ ಮುಂಚೆ)

ಮೊದಲು ಲೆಕ್ಕ ನೋಡಿ. ಕಾರಕದ ಒಂದು ಅಣುವನ್ನು ಕೆಡಿಸಲು ನೀರಿನ ಒಂದು ಅಣು ಸಾಕು. ಎರಡು ಹನಿ ನೀರು ಅಂದರೆ ಹತ್ತಿರ ಹತ್ತಿರ 0.1 ಗ್ರಾಂ, ಅಂದರೆ 5.6 ಮಿಲಿಮೋಲ್. ನೀವು ಮಾಡಲು ಹೊರಟಿರುವುದು 20 ಮಿಲಿಮೋಲ್. ಎರಡೇ ಹನಿ ಕಾಲು ಪಾಲಿಗಿಂತ ಹೆಚ್ಚು ತಿಂದುಹಾಕುತ್ತದೆ. ನೀರಿನ ಜೊತೆ ಕುಲುಕಿದ ಈಥರ್‌ನಲ್ಲಿ ತೂಕದ ಶೇ 1ಕ್ಕೂ ಹೆಚ್ಚು ನೀರಿರುತ್ತದೆ. ಅಂಥ 30 ಎಂ.ಎಲ್. ಬಳಸಿದರೆ 12 ಮಿಲಿಮೋಲ್ ಅಲ್ಲೇ ಹೋಯಿತು.

ಒಣಗಿಸುವ ಮುಂಚೆ ಪೆರಾಕ್ಸೈಡ್ ಪರೀಕ್ಷೆ. ಹಳೆಯ ಈಥರ್‌ನಲ್ಲಿ ಗಾಳಿ ತಾಗಿ ಹುಟ್ಟುವ ಸ್ಫೋಟಕ ಪದಾರ್ಥ ಪೆರಾಕ್ಸೈಡ್. ಬಾಟಲಿ ತೆರೆದ ದಿನಾಂಕ ಯಾರೂ ಬರೆದಿಲ್ಲ ಅಂದರೆ ಅದನ್ನು ಹಳೆಯದೆಂದೇ ತಿಳಿಯಿರಿ. ಒಂದು ಎಂ.ಎಲ್. ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಪೊಟ್ಯಾಸಿಯಂ ಅಯೋಡೈಡ್‌ನ ಕೆಲವು ಹರಳು ಹಾಕಿ, ಅಷ್ಟೇ ಈಥರ್ ಸೇರಿಸಿ. ಬಣ್ಣ ಬರದಿದ್ದರೆ ಸರಿ. ಹಳದಿ ಬಂದರೆ ಪೆರಾಕ್ಸೈಡ್ ಇದೆ. ಕಂದು ಬಂದರೆ ಆ ಬಾಟಲಿಯನ್ನು ಮುಟ್ಟದೆ ಮಾರ್ಗದರ್ಶಕರನ್ನು ಕರೆಯಿರಿ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ದರೆ ತೆರೆಯುವ ಪ್ರಯತ್ನವೂ ಬೇಡ. ಪೆರಾಕ್ಸೈಡ್ ಇರುವ ಈಥರ್‌ನ್ನು ಡಿಸ್ಟಿಲ್ ಮಾಡುವುದು ಬಾಂಬ್ ಕಾಯಿಸಿದ ಹಾಗೆ.

ಪರೀಕ್ಷೆ ದಾಟಿದ ಈಥರ್‌ಗೆ ಲೀಟರಿಗೆ ಸುಮಾರು 100 ಗ್ರಾಂನಂತೆ ಅನ್‌ಹೈಡ್ರಸ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಒಂದು ರಾತ್ರಿ ಬಿಡಿ. ಮಾರನೆಯ ದಿನ ಸೋಸಿ, 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ಸ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಗೋಲಿ) ಮೇಲೆ ಇನ್ನೊಂದು ರಾತ್ರಿ. ಸೋಡಿಯಂ ತಂತಿ ಒತ್ತುವ ಪದ್ಧತಿಯೂ ಇದೆ. ಫಲ ಚೆನ್ನಾಗಿರುತ್ತದೆ, ಆದರೆ ಉಳಿದ ಸೋಡಿಯಂ ಚೂರನ್ನು ಐಸೋಪ್ರೊಪನಾಲ್‌ನಲ್ಲಿ ನಿಧಾನ ಕೊಲ್ಲುವ ತಾಳ್ಮೆ ಇಲ್ಲದವರು ಅದಕ್ಕೆ ಕೈ ಹಾಕಬಾರದು.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಡಬ್ಬದಿಂದ ತೆಗೆದ ಸೀವ್ಸ್ ಹಾಗೇ ಹಾಕುವುದು. ಗಾಳಿ ಕುಡಿದ ಸೀವ್ಸ್ ಬರೀ ಮಣ್ಣಿನ ಗೋಲಿ. ಮಫಲ್ ಫರ್ನೇಸಿನಲ್ಲಿ 300 ಡಿಗ್ರಿಗೆ ಮೂರು ನಾಲ್ಕು ಗಂಟೆ ಕಾಯಿಸಿ ಡೆಸಿಕೇಟರ್‌ನಲ್ಲಿ (ತೇವ ಸೇರದ ಮುಚ್ಚಿದ ಪಾತ್ರೆಯಲ್ಲಿ) ತಣಿಸಬೇಕು. ಗಾಜು ಒಣಗಿಸುವ 120 ಡಿಗ್ರಿ ಓವನ್ ಇದಕ್ಕೆ ಸಾಲದು. ಜೀವ ಇದೆಯೋ ಇಲ್ಲವೋ ನೋಡಲು ವಾಚ್‌ಗ್ಲಾಸಿನಲ್ಲಿ ಕಾಲು ಚಮಚ ಸೀವ್ಸ್ ಇಟ್ಟು ಎರಡು ಹನಿ ನೀರು ಬಿಡಿ. ತಳ ಬಿಸಿಯಾದರೆ ಬಳಸಿ, ಇಲ್ಲದಿದ್ದರೆ ಮತ್ತೆ ಫರ್ನೇಸಿಗೆ.

ಹಂತ 2: ಗಾಜು ಮತ್ತು ಉಳಿದ ಪದಾರ್ಥ (ಹಿಂದಿನ ಸಂಜೆ)

ಫ್ಲಾಸ್ಕ್, ಕಂಡೆನ್ಸರ್, ಫನಲ್, ಸೂಜಿ, ಸ್ಟರರ್ ಬಾರ್ ಎಲ್ಲವನ್ನೂ ತೊಳೆದು 120 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇಡಿ. ಫನಲ್‌ನ ಟೆಫ್ಲಾನ್ ಬಿರಡೆ ಬಿಚ್ಚಿ ಬೇರೆ ಇಡಿ, ಬಿಸಿಗೆ ಉಬ್ಬಿ ಗಾಜು ಸೀಳುತ್ತದೆ.

ಬೇಗ ಒಣಗಲಿ ಎಂದು ಅಸಿಟೋನ್ ಹಾಕಿ ತೊಳೆದು ಹಾಗೇ ತರುವವರಿದ್ದಾರೆ. ಅಸಿಟೋನ್ ಒಂದು ಕೀಟೋನ್. ನಿಮ್ಮ ಕಾರಕ ಮೊದಲು ಅದರ ಮೇಲೇ ಬೀಳುತ್ತದೆ. ಕೊನೆಗೆ ಟಿಎಲ್‌ಸಿಯಲ್ಲಿ (ಪದಾರ್ಥಗಳನ್ನು ತೆಳು ಪದರದ ಮೇಲೆ ಬೇರ್ಪಡಿಸಿ ನೋಡುವ ಪರೀಕ್ಷೆಯಲ್ಲಿ) ಗುರುತು ಸಿಗದ ಚುಕ್ಕೆ ಕಂಡು ಒಂದು ವಾರ ತಲೆ ಕೆಡಿಸಿಕೊಳ್ಳುತ್ತೀರಿ. ಅಸಿಟೋನ್ ಬಳಸಿದ್ದರೆ ಅದು ಪೂರ್ತಿ ಹಾರಿದ ಮೇಲೆ ಓವನ್‌ಗೆ ಇಡಿ. ತೇವ ಇರುವಾಗಲೇ ಇಟ್ಟರೆ ಬೆಂಕಿಯ ಅಪಾಯ.

ಬ್ರೋಮೋಬೆಂಜೀನ್‌ಗೆ ಸೀವ್ಸ್ ಹಾಕಿ ಮುಚ್ಚಿಡಿ. ಬೆಂಜೋಫೀನೋನ್ ಡೆಸಿಕೇಟರ್‌ನಲ್ಲಿ ಇರಲಿ. ಅದನ್ನೂ ಓವನ್‌ಗೆ ಇಡೋಣ ಎಂದು ಪ್ರತಿ ಬ್ಯಾಚಿನಲ್ಲಿ ಒಬ್ಬರಿಗಾದರೂ ಅನ್ನಿಸುತ್ತದೆ. ಅದರ ಕರಗುವ ಬಿಂದು 48 ಡಿಗ್ರಿ, ಬೆಳಿಗ್ಗೆ ಬಂದು ನೋಡಿದರೆ ಓವನ್‌ನ ತಟ್ಟೆಯ ಮೇಲೆ ತುಪ್ಪ.

ಹಂತ 3: ಮೆಗ್ನೀಸಿಯಂನ ಮೈ ತೊಳೆಯುವುದು

ಟರ್ನಿಂಗ್ಸ್ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಹಾಗೇ ಬಳಸಿ. ಬೂದು ಅಥವಾ ಬಿಳಿ ಪುಡಿ ಹಿಡಿದಿದ್ದರೆ ಮೇಲೆ ಆಕ್ಸೈಡ್ ಕಟ್ಟಿದೆ, ಒಳಗಿನ ಲೋಹಕ್ಕೆ ಬ್ರೋಮೋಬೆಂಜೀನ್ ತಾಗುವುದೇ ಇಲ್ಲ. ತುಂಬ ದುರ್ಬಲವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ನಿಮಿಷ ಆಡಿಸಿ, ನೀರು, ಆಮೇಲೆ ಎಥನಾಲ್, ಕೊನೆಗೆ ಈಥರ್‌ನಿಂದ ತೊಳೆದು ಒಣಗಿಸಿ. ಇದನ್ನು ಅದೇ ದಿನ ಬೆಳಿಗ್ಗೆ ಮಾಡಿ, ಹಿಂದಿನ ದಿನ ಮಾಡಿದರೆ ಮತ್ತೆ ಪೊರೆ ಕಟ್ಟುತ್ತದೆ.

ಆಮ್ಲವಿಲ್ಲದೆ ಮಾಡುವ ದಾರಿಯೂ ಇದೆ, ನನಗೆ ಅದೇ ಇಷ್ಟ: ಒಣ ಫ್ಲಾಸ್ಕಿಗೆ ಟರ್ನಿಂಗ್ಸ್ ಹಾಕಿ, ನೈಟ್ರೋಜನ್ ಕೆಳಗೆ, ಈಥರ್ ಇಲ್ಲದೆ, ಕೆಲವು ಗಂಟೆ ಸ್ಟರರ್ ಮೇಲೆ ತಿರುಗಲು ಬಿಡಿ. ಚೂರುಗಳು ಒಂದಕ್ಕೊಂದು ಉಜ್ಜಿಕೊಂಡು ಪೊರೆ ಕಳಚುತ್ತವೆ. ಫ್ಲಾಸ್ಕ್ ಒಳಗೆಲ್ಲ ಕಪ್ಪು ಪುಡಿ ಹಿಡಿಯುತ್ತದೆ, ಗಾಬರಿ ಬೇಡ.

ಟರ್ನಿಂಗ್ಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಬೆವರೂ ನೀರೇ.

ಹಂತ 4: ಜೋಡಣೆ

ಬಿಸಿ ಗಾಜನ್ನು ಗ್ಲೌಸ್ ಹಾಕಿ ತೆಗೆದು ಬಿಸಿ ಇರುವಾಗಲೇ ಜೋಡಿಸಿ. ಬಲೂನ್ ಅಥವಾ ಗಾರ್ಡ್ ಟ್ಯೂಬ್ ಹಾಕಿದ ಮೇಲೆ ತಣ್ಣಗಾಗಲು ಬಿಡಿ, ಆಗ ಫ್ಲಾಸ್ಕ್ ಒಳಗೆ ಎಳೆದುಕೊಳ್ಳುವುದು ಒಣ ಗಾಳಿಯನ್ನೇ. ಮೇಜಿನ ಮೇಲೆ ಹರಡಿ ತಣಿಸಿ ಆಮೇಲೆ ಜೋಡಿಸಿದರೆ ರಾತ್ರಿಯ ಓವನ್ ವ್ಯರ್ಥ. ಪೂರ್ತಿ ತಣಿಯದೆ ಈಥರ್ ಸುರಿಯುವುದೂ ತಪ್ಪು, ಸುರಿದ ತಕ್ಷಣ ಬುಸ್ಸೆಂದು ಮೇಲೇಳುತ್ತದೆ.

ಗಾರ್ಡ್ ಟ್ಯೂಬ್ ಹಾಕುವ ಮುಂಚೆ ಅದರೊಳಗೆ ಗಾಳಿ ಓಡುತ್ತದೆಯೇ ಎಂದು ನೋಡಿ. ಹಳೆಯ ಕ್ಯಾಲ್ಸಿಯಂ ಕ್ಲೋರೈಡ್ ನೀರು ಹೀರಿ ಕರಗಿ, ಮತ್ತೆ ಗಟ್ಟಿಯಾಗಿ ಸಿಮೆಂಟಿನಂತೆ ಕೂತಿರುತ್ತದೆ. ನಾನು ಕಲಿಯುತ್ತಿದ್ದ ಕಾಲದಲ್ಲಿ, ಒಂದು ಜುಲೈ, ಹೀಗೇ ಕಟ್ಟಿಕೊಂಡ ಟ್ಯೂಬನ್ನು ನೋಡದೆ ಹಾಕಿದ್ದೆ. ಕ್ರಿಯೆ ಶುರುವಾಯಿತು, ಒತ್ತಡಕ್ಕೆ ಹೋಗಲು ದಾರಿ ಇರಲಿಲ್ಲ, ಸೆಪ್ಟಮ್ ಹಾರಿ ಹುಡ್‌ನ ಚಾವಣಿಗೆ ಬಡಿಯಿತು. ಗಾಜು ಒಡೆಯದೆ ಸೆಪ್ಟಮ್ ಹಾರಿದ್ದು ನನ್ನ ಪುಣ್ಯ. ಅಂದಿನಿಂದ ಪ್ರತಿ ಸಲ ಹೊಸ ಕ್ಯಾಲ್ಸಿಯಂ ಕ್ಲೋರೈಡ್, ಎರಡು ಬದಿಗೆ ಸಡಿಲ ಹತ್ತಿ.

ಸುತ್ತಮುತ್ತ ಉರಿ ಇರಬಾರದು. ಬನ್ಸೆನ್ ಬರ್ನರ್ ಮಾತ್ರ ಅಲ್ಲ, ಪಕ್ಕದವರ ಕೆಂಡದಂಥ ಹಾಟ್‌ಪ್ಲೇಟೂ ಉರಿಯೇ. ಈಥರ್ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ಹೋಗುತ್ತದೆ. 200 ಡಿಗ್ರಿಗೂ ಕೆಳಗಿನ ಬಿಸಿ ಮೇಲ್ಮೈ ಸಿಕ್ಕಿದರೂ ಹೊತ್ತಿಕೊಳ್ಳುತ್ತದೆ.

ಹಂತ 5: ಸ್ಟಾರ್ಟ್

ಶುರು ಮಾಡುವ ಮುಂಚೆಯೇ ಮಂಜುಗಡ್ಡೆಯ ಬೋಗುಣಿ ಕೈಗೆ ಸಿಗುವಲ್ಲಿ ಇರಲಿ.

ಫ್ಲಾಸ್ಕಿನ ಮೆಗ್ನೀಸಿಯಂ ಮೇಲೆ ಒಂದು ಹರಳು ಅಯೋಡಿನ್, 5 ಎಂ.ಎಲ್. ಈಥರ್. ಫನಲ್‌ನಲ್ಲಿ 2.1 ಎಂ.ಎಲ್. ಬ್ರೋಮೋಬೆಂಜೀನ್ 10 ಎಂ.ಎಲ್. ಈಥರ್‌ನಲ್ಲಿ ಬೆರೆಸಿ ಇಟ್ಟುಕೊಳ್ಳಿ. ಅದರಲ್ಲಿ 1 ಎಂ.ಎಲ್.ನಷ್ಟು ಮಾತ್ರ ಒಳಗೆ ಬಿಟ್ಟು ಬಿರಡೆ ಮುಚ್ಚಿ. ಸ್ಟರರ್ ಹಾಕಬೇಡಿ. ಈಗ ದ್ರಾವಣ ಒಂದೇ ಜಾಗದಲ್ಲಿ ಲೋಹಕ್ಕೆ ಅಂಟಿಕೊಂಡಿರಬೇಕು, ಕಲಕಿದರೆ ತೆಳುವಾಗುತ್ತದೆ.

ನೋಡಬೇಕಾದ ಗುರುತುಗಳು ಹೆಚ್ಚುಕಡಿಮೆ ಈ ಕ್ರಮದಲ್ಲಿ ಬರುತ್ತವೆ. ಅಯೋಡಿನ್‌ನ ಕಂದು ಬಣ್ಣ ತಿಳಿಯಾಗುತ್ತದೆ. ಲೋಹದ ಒಂದು ತುದಿಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಅದರ ಸುತ್ತ ದ್ರಾವಣ ಮಬ್ಬಾಗುತ್ತದೆ, ಆಮೇಲೆ ಬೂದು, ಕಂದು. ಕೊನೆಗೆ ಈಥರ್ ತಾನೇ ಕುದಿಯುತ್ತದೆ.

ಐದು ಹತ್ತು ನಿಮಿಷದಲ್ಲಿ ಏನೂ ಕಾಣದಿದ್ದರೆ ಫ್ಲಾಸ್ಕನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಎಂದು ಪುಸ್ತಕಗಳು ಹೇಳುತ್ತವೆ. ಬೆಂಗಳೂರಿನಲ್ಲಿ ಇದೇ ದೊಡ್ಡ ಮೋಸ. ನಿಮ್ಮ ಅಂಗೈಯ ಬಿಸಿಗೇ ಇಲ್ಲಿ ಈಥರ್ ಕುದಿಯಬಲ್ಲದು. ಗುಳ್ಳೆ ಕಂಡು “ಸ್ಟಾರ್ಟ್ ಆಯ್ತು!” ಎಂದು ಫನಲ್ ತೆರೆದವರೆಷ್ಟೋ ಮಂದಿ. ಕೈ ತೆಗೆದು ಒಂದೆರಡು ನಿಮಿಷ ಕಾಯಿರಿ. ಗುಳ್ಳೆ ನಿಂತುಹೋದರೆ ಕುದಿದದ್ದು ಈಥರ್ ಮಾತ್ರ. ನಿಲ್ಲದೆ ಜೋರಾದರೆ, ಜೊತೆಗೆ ಮಬ್ಬೂ ಬಂದರೆ, ಆಗ ಕ್ರಿಯೆ. ಮಬ್ಬನ್ನು ನಂಬಿ, ಗುಳ್ಳೆಯನ್ನು ನಂಬಬೇಡಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾತ್ರ 35, 40 ಡಿಗ್ರಿ ನೀರಿನ ಪಾತ್ರೆಯನ್ನು ಒಂದೆರಡು ನಿಮಿಷ ಕೆಳಗೆ ಹಿಡಿಯುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಆಮೇಲೂ ಆಗದಿದ್ದರೆ ಈ ಕ್ರಮದಲ್ಲಿ ಪ್ರಯತ್ನಿಸಿ. ಒಣಗಿಸಿದ ಗಾಜಿನ ಕಡ್ಡಿಯಿಂದ ಒಂದು ಚೂರನ್ನು ಫ್ಲಾಸ್ಕಿನ ಗೋಡೆಗೆ ಒತ್ತಿ ಮುರಿಯಿರಿ, ತಳ ಬಿರುಕು ಬಿಡದ ಹಾಗೆ ಮೆತ್ತಗೆ. ಹೊಸದಾಗಿ ಮುರಿದ ಅಂಚಿನಿಂದಲೇ ಬಹಳ ಸಲ ಕ್ರಿಯೆ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಹರಳು ಅಯೋಡಿನ್. ಅದೂ ಆಗದಿದ್ದರೆ ಎರಡು ಮೂರು ಹನಿ 1,2-ಡೈಬ್ರೋಮೋಈಥೇನ್. ಅದು ಮೆಗ್ನೀಸಿಯಂ ಜೊತೆ ಸೇರಿ ಎಥಿಲೀನ್ ಅನಿಲವಾಗಿ ಹೊರಹೋಗುತ್ತದೆ, ಲೋಹದ ಮೈ ಬಿಚ್ಚುತ್ತದೆ. ಕ್ಯಾನ್ಸರ್ ತರುವ ಪದಾರ್ಥ, ಗ್ಲೌಸ್ ಇಲ್ಲದೆ, ಹುಡ್ ಹೊರಗೆ ಮುಟ್ಟಬಾರದು. ಇನ್ನೂ ಒಂದು ಉಪಾಯ: ಪಕ್ಕದವರ ಫ್ಲಾಸ್ಕಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಅದೇ ಕಾರಕದ ಅರ್ಧ ಎಂ.ಎಲ್. ಸಿರಿಂಜಿನಲ್ಲಿ ತಂದು ಹಾಕುವುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಉಳಿದಿರುವ ಅಲ್ಪ ನೀರನ್ನು ಅದು ಮೊದಲೇ ತಿಂದು ಮುಗಿಸುತ್ತದೆ.

ಇದೆಲ್ಲ ಮಾಡಿಯೂ ಮುಕ್ಕಾಲು ಗಂಟೆಯಲ್ಲಿ ಏಳದಿದ್ದರೆ ನಿಲ್ಲಿಸಿ. ಮತ್ತೆ ಹಂತ 1ಕ್ಕೆ ಹೋಗಿ. ನೀರು ಹೊಕ್ಕಿರುವ ಫ್ಲಾಸ್ಕನ್ನು ಮುದ್ದು ಮಾಡಿ ಫಲವಿಲ್ಲ.

ಮಾಡಲೇಬಾರದ ತಪ್ಪು ಒಂದಿದೆ. ಶುರುವಾಗಲಿಲ್ಲವೆಂದು ಬೇಸತ್ತು ‘ಇನ್ನೂ ಸ್ವಲ್ಪ ಹಾಕಿ ನೋಡೋಣ’ ಎಂದು ಬ್ರೋಮೋಬೆಂಜೀನ್ ಪೂರ್ತಿ ಸುರಿಯುವುದು. ಒಲೆಯ ಮೇಲಿನ ಹಾಲು ಬಹಳ ಹೊತ್ತು ಸುಮ್ಮನಿದ್ದು, ನೀವು ಆಚೆ ತಿರುಗಿದ ಗಳಿಗೆಯಲ್ಲಿ ಉಕ್ಕುತ್ತದಲ್ಲ, ಇದೂ ಹಾಗೇ. ಅರ್ಧ ಗಂಟೆ ಸತ್ತಂತೆ ಬಿದ್ದಿದ್ದ 20 ಮಿಲಿಮೋಲ್ ಒಟ್ಟಿಗೇ ಎದ್ದರೆ ಕಂಡೆನ್ಸರ್ ತಡೆಯುವುದಿಲ್ಲ, ಈಥರ್ ಕಾರಂಜಿಯಾಗಿ ಹೊರಬರುತ್ತದೆ. ಸ್ಟಾರ್ಟ್ ಆಗುವ ತನಕ ಒಳಗೆ ಒಂದು ಹತ್ತನೇ ಭಾಗಕ್ಕಿಂತ ಹೆಚ್ಚು ಹ್ಯಾಲೈಡ್ ಇರಬಾರದು. ಫ್ಲಾಸ್ಕ್ ಬಿಟ್ಟು ಟೀಗೆ ಹೋಗಬಾರದು.

ಹಂತ 6: ಹನಿಸುವುದು

ಈಗ ಸ್ಟರರ್ ಹಾಕಿ. ಉಳಿದ ದ್ರಾವಣವನ್ನು 25, 30 ನಿಮಿಷದಲ್ಲಿ ಹನಿಹನಿಯಾಗಿ ಬಿಡಿ. ಹೊರಗಿನ ಬಿಸಿ ಬೇಡ, ಕ್ರಿಯೆಯ ಬಿಸಿಗೇ ಈಥರ್ ಮೆಲ್ಲಗೆ ಕುದಿಯುತ್ತಿರಬೇಕು. ಆವಿ ಕಂಡೆನ್ಸರ್‌ನ ಕೆಳಗಿನ ಮೂರನೇ ಒಂದು ಭಾಗ ದಾಟಿ ಮೇಲೇರುತ್ತಿದ್ದರೆ ಹನಿ ನಿಲ್ಲಿಸಿ, ಬೋಗುಣಿ ಎತ್ತಿ. ಆದರೆ ಕುದಿ ಪೂರ್ತಿ ನಿಲ್ಲುವಷ್ಟು ತಣಿಸಬೇಡಿ. ಕ್ರಿಯೆ ಮಲಗಿಬಿಟ್ಟರೆ ಅದನ್ನು ಮತ್ತೆ ಎಬ್ಬಿಸುವಾಗ ಹಂತ 5ರ ಅಪಾಯವೇ ಮರಳುತ್ತದೆ.

ಬೇಗ ಸುರಿದರೆ ಇನ್ನೊಂದು ನಷ್ಟ: ಬ್ರೋಮೋಬೆಂಜೀನ್ ಒಂದೆಡೆ ಹೆಚ್ಚಾಗಿ, ಎರಡು ಫೀನೈಲ್ ಸೇರಿ ಬೈಫೀನೈಲ್ ಆಗುತ್ತದೆ. ಹಂತ 10ರಲ್ಲಿ ಅದನ್ನು ತೆಗೆಯಲು ನೀವೇ ಕಷ್ಟಪಡಬೇಕು.

ಕರೆಂಟ್ ಹೋದರೆ? ಸ್ಟರರ್, ಪಂಪ್, ಹುಡ್‌ನ ಫ್ಯಾನ್ ಮೂರೂ ಒಟ್ಟಿಗೆ ನಿಲ್ಲುತ್ತವೆ. ಮೊದಲು ಫನಲ್ ಮುಚ್ಚಿ, ಆಮೇಲೆ ಫ್ಲಾಸ್ಕಿಗೆ ಮಂಜುಗಡ್ಡೆ, ಹುಡ್‌ನ ಗಾಜು ಕೆಳಗಿಳಿಸಿ. ಜನರೇಟರ್ ಬರುವ ತನಕ ಹನಿ ಬಿಡಬೇಡಿ.

ಎಲ್ಲ ಹಾಕಿದ ಮೇಲೆ ಬೆಚ್ಚಗಿನ ನೀರಿನ ಮೇಲೆ ಅರ್ಧ ಗಂಟೆ ರಿಫ್ಲಕ್ಸ್, ಅಂದರೆ ಆವಿ ಕಂಡೆನ್ಸರ್‌ನಲ್ಲಿ ತಣಿದು ಮತ್ತೆ ಕೆಳಗಿಳಿಯುವ ಹಾಗೆ ಕುದಿಸುವುದು. ಮೆಗ್ನೀಸಿಯಂ ಬಹುತೇಕ ಕರಗಿ, ಕಂದು ಬಣ್ಣದ ಮಬ್ಬು ದ್ರಾವಣ ಉಳಿಯಬೇಕು. ಒಂದೆರಡು ಚೂರು ಉಳಿದಿದ್ದರೆ ಚಿಂತೆ ಇಲ್ಲ, ಲೋಹವನ್ನು ಸ್ವಲ್ಪ ಹೆಚ್ಚೇ ತೆಗೆದುಕೊಂಡಿದ್ದೇವೆ. ಅರ್ಧಕ್ಕರ್ಧ ಉಳಿದಿದ್ದರೆ ಕಾರಕವೂ ಅರ್ಧವೇ ಆಗಿದೆ.

ಹಂತ 7: ಕಾರಕ ನಿಜಕ್ಕೂ ಇದೆಯೇ?

ಈ ಹಂತ ಬಿಡುವವರೇ ಹೆಚ್ಚು. ಬಿಟ್ಟವರು ಕೊನೆಗೆ ಬೆಂಜೋಫೀನೋನ್ ಹಾಗೇ ವಾಪಸು ಪಡೆಯುತ್ತಾರೆ.

ಇದೆಯೋ ಇಲ್ಲವೋ ಅನ್ನುವುದಕ್ಕೆ ಗಿಲ್ಮನ್ ಪರೀಕ್ಷೆ. ಅರ್ಧ ಎಂ.ಎಲ್. ದ್ರಾವಣವನ್ನು ಅಷ್ಟೇ ಮಿಕ್ಲರ್ಸ್ ಕೀಟೋನ್ (ಈ ಪರೀಕ್ಷೆಗೆ ಬಣ್ಣ ಕೊಡುವ ಕೀಟೋನ್) ದ್ರಾವಣಕ್ಕೆ ಹಾಕಿ, ನೀರು ಸೇರಿಸಿ ಅಲುಗಾಡಿಸಿ, ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಅಯೋಡಿನ್ ಕೆಲವು ಹನಿ ಬಿಡಿ. ಹಸಿರು ಕಲೆತ ನೀಲಿ ಬಂದರೆ ಕಾರಕ ಇದೆ.

ಎಷ್ಟಿದೆ ಎಂದು ತಿಳಿಯಲು ಟೈಟ್ರೇಷನ್. ಆಮ್ಲದಲ್ಲಿ ಕೊಂದು ಕ್ಷಾರದಿಂದ ಹಿಂದಕ್ಕೆ ಟೈಟ್ರೇಟ್ ಮಾಡುವುದು ಸುಲಭ, ಆದರೆ ಆ ಸಂಖ್ಯೆ ಸುಳ್ಳು ಹೇಳುತ್ತದೆ. ನೀರು ತಿಂದು ಸತ್ತ ಕಾರಕ ಹೈಡ್ರಾಕ್ಸೈಡ್ ಆಗಿ ಅಲ್ಲೇ ಇರುತ್ತದೆ, ಅದೂ ಕ್ಷಾರವೆಂದೇ ಲೆಕ್ಕಕ್ಕೆ ಬರುತ್ತದೆ. ನಂಬುವಂಥ ದಾರಿ 1,10-ಫಿನಾಂಥ್ರೋಲಿನ್ ಸೂಚಕವಾಗಿಟ್ಟು ತೂಕ ಮಾಡಿದ ಮೆಂಥಾಲ್ ಜೊತೆ ಟೈಟ್ರೇಟ್ ಮಾಡುವುದು. ಕಾರಕ ಮೆಂಥಾಲನ್ನೆಲ್ಲ ಮುಗಿಸಿದ ಗಳಿಗೆಯಲ್ಲಿ ನೇರಳೆ, ಕೆಂಪು ಛಾಯೆ ನಿಲ್ಲುತ್ತದೆ.

ಹಂತ 8: ಬೆಂಜೋಫೀನೋನ್

ಬೆಂಜೋಫೀನೋನನ್ನು 15 ಎಂ.ಎಲ್. ಒಣ ಈಥರ್‌ನಲ್ಲಿ ಕರಗಿಸಿ ಅದೇ ಫನಲ್‌ಗೆ ಹಾಕಿ. ಫ್ಲಾಸ್ಕ್ ಮಂಜುಗಡ್ಡೆಯಲ್ಲಿ ಇರಲಿ, ಹದಿನೈದು ನಿಮಿಷದಲ್ಲಿ ಹನಿಸಿ. ಹನಿ ಬಿದ್ದಲ್ಲಿ ಕೆಂಪು, ಗುಲಾಬಿ ಬಣ್ಣ ಮಿಂಚಿ ಹೋಗುತ್ತದೆ, ಆಮೇಲೆ ಲವಣ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಎಷ್ಟೋ ಸಲ ಸ್ಟರರ್ ಬಾರ್ ಸಿಕ್ಕಿಕೊಳ್ಳುವಷ್ಟು ಗಟ್ಟಿ. ಒಣ ಈಥರ್ ಸ್ವಲ್ಪ ಸೇರಿಸಿ, ಫ್ಲಾಸ್ಕನ್ನು ಕೈಯಿಂದ ಸುತ್ತಿಸಿ.

ಬಣ್ಣವೂ ಇಲ್ಲ, ಬಿಸಿಯೂ ಇಲ್ಲ, ಗಟ್ಟಿಯೂ ಇಲ್ಲ ಅಂದರೆ ಹಂತ 7 ಬಿಟ್ಟಿದ್ದೀರಿ ಎಂದರ್ಥ.

ಹನಿಸಿದ ಮೇಲೆ ಇಪ್ಪತ್ತು ನಿಮಿಷ ಮೆಲ್ಲಗೆ ರಿಫ್ಲಕ್ಸ್. ಬೆಂಜೋಫೀನೋನ್ ಬದಲು ಮಿಥೈಲ್ ಬೆಂಜೋಯೇಟ್ ಬಳಸುವವರು ನೆನಪಿಡಿ, ಎಸ್ಟರ್‌ನ ಒಂದು ಅಣುವಿಗೆ ಕಾರಕದ ಎರಡು ಅಣು ಬೇಕು.

ಹಂತ 9: ಕ್ವೆಂಚ್ (ಕ್ರಿಯೆ ನಿಲ್ಲಿಸುವುದು) ಮತ್ತು ವರ್ಕಪ್ (ಪದಾರ್ಥ ಬೇರ್ಪಡಿಸುವುದು)

ಬೀಕರ್‌ನಲ್ಲಿ 30 ಗ್ರಾಂ ಮಂಜುಗಡ್ಡೆ, ಅದರ ಮೇಲೆ 20 ಎಂ.ಎಲ್. ಶೇ 10ರ ಸಲ್ಫ್ಯೂರಿಕ್ ಆಮ್ಲ. ಕ್ರಿಯೆಯ ಮಿಶ್ರಣವನ್ನು ಅದರೊಳಗೆ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಫ್ಲಾಸ್ಕಿಗೇ ಆಮ್ಲ ಸುರಿಯಬೇಡಿ. ಉಳಿದ ಮೆಗ್ನೀಸಿಯಂನಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಇದೂ ಹುಡ್ ಒಳಗೇ ನಡೆಯಬೇಕು. ಬಿಳಿ ಅಂಬಲಿಯಂತೆ ನಿಂತರೆ ಅದು ಮೆಗ್ನೀಸಿಯಂ ಹೈಡ್ರಾಕ್ಸೈಡ್, ಇನ್ನಷ್ಟು ಆಮ್ಲ ಹಾಕಿದರೆ ಕರಗುತ್ತದೆ.

ಟ್ರೈಫೀನೈಲ್‌ಮೆಥನಾಲ್‌ಗೆ ಈ ಆಮ್ಲ ನಡೆಯುತ್ತದೆ, ಪಕ್ಕದ ಕಾರ್ಬನ್‌ನಲ್ಲಿ ಹೈಡ್ರೋಜನ್ ಇಲ್ಲವಾದ್ದರಿಂದ ನೀರು ಕಳೆದುಕೊಂಡು ಆಲ್ಕೀನ್ ಆಗುವ ಭಯವಿಲ್ಲ. ನಿಮ್ಮ ಪ್ರಾಜೆಕ್ಟಿನದು ಬೇರೆ ಟರ್ಷಿಯರಿ ಆಲ್ಕೊಹಾಲ್ ಆಗಿದ್ದರೆ ಸ್ಯಾಚುರೇಟೆಡ್ ಅಮೋನಿಯಂ ಕ್ಲೋರೈಡ್ ಬಳಸಿ.

ಸೆಪರೇಟಿಂಗ್ ಫನಲ್‌ನಲ್ಲಿ ಈಥರ್ ಮೇಲೆ, ನೀರು ಕೆಳಗೆ. ಒಂದೆರಡು ಸಲ ಅಲುಗಾಡಿಸಿದ ಕೂಡಲೇ ಬಿರಡೆ ತೆರೆದು ಒತ್ತಡ ಬಿಡಿ. ಇಲ್ಲಿನ ಮಧ್ಯಾಹ್ನದಲ್ಲಿ ಈಥರ್ ಒತ್ತಡ ಬೇಗ ಏರುತ್ತದೆ. ಕೈಗೆ ಹರಳು ಸಿಗುವ ತನಕ ಯಾವ ಪದರವನ್ನೂ ಎಸೆಯಬೇಡಿ. ನೀರಿನ ಪದರಕ್ಕೆ ಇನ್ನೂ 15 ಎಂ.ಎಲ್. ಈಥರ್ ಹಾಕಿ ಮತ್ತೊಮ್ಮೆ ತೆಗೆಯಿರಿ. ಈಥರ್ ಪದರವನ್ನು ಬೈಕಾರ್ಬೊನೇಟ್, ಉಪ್ಪುನೀರು, ಅನ್‌ಹೈಡ್ರಸ್ ಸೋಡಿಯಂ ಸಲ್ಫೇಟ್ ಈ ಕ್ರಮದಲ್ಲಿ ಮುಗಿಸಿ, ರೋಟಾದಲ್ಲಿ (ರೋಟರಿ ಇವ್ಯಾಪೊರೇಟರ್‌ನಲ್ಲಿ) ಅಥವಾ ಬೆಚ್ಚಗಿನ ನೀರಿನ ಮೇಲೆ ಈಥರ್ ಹಾರಿಸಿ. ಹಾರಿದ ಈಥರ್‌ನ್ನು ವೇಸ್ಟ್ ಕ್ಯಾನಿಗೆ ಹಾಕಿ. ಸಿಂಕಿಗೆ ಸುರಿದರೆ ಆವಿ ಪೈಪಿನುದ್ದಕ್ಕೂ ಹೋಗಿ ಇನ್ಯಾರದೋ ಸಿಂಕಿನಲ್ಲಿ ಏಳುತ್ತದೆ.

ಹಂತ 10: ಹರಳು

ಈಗ ಸಿಕ್ಕಿರುವ ಹಳದಿ ಗಟ್ಟಿಯಲ್ಲಿ ಬೈಫೀನೈಲ್ ಇದೆ. 10 ಎಂ.ಎಲ್. ಪೆಟ್ರೋಲಿಯಂ ಈಥರ್ ಅಥವಾ ಹೆಕ್ಸೇನ್ ಹಾಕಿ ಕಡ್ಡಿಯಿಂದ ಚೆನ್ನಾಗಿ ಅರೆಯಿರಿ. ಬೈಫೀನೈಲ್ ಅದರಲ್ಲಿ ಕರಗುತ್ತದೆ, ನಿಮ್ಮ ಪದಾರ್ಥ ಹೆಚ್ಚಾಗಿ ಕರಗುವುದಿಲ್ಲ. ಸೋಸಿ, ಉಳಿದದ್ದನ್ನು ಬಿಸಿ ಐಸೋಪ್ರೊಪನಾಲ್‌ನಲ್ಲಿ ಆದಷ್ಟು ಕಡಿಮೆಯಲ್ಲಿ ಕರಗಿಸಿ ತಾನಾಗಿ ತಣಿಯಲು ಬಿಡಿ. ಆತುರಕ್ಕೆ ನೇರ ಮಂಜುಗಡ್ಡೆಗೆ ಇಟ್ಟರೆ ಕೊಳೆಯನ್ನೂ ಹಿಡಿದುಕೊಂಡ ಪುಡಿ ಸಿಗುತ್ತದೆ.

ಪೂರ್ತಿ ಲೆಕ್ಕಕ್ಕೆ 4.1 ಗ್ರಾಂ ಬರಬೇಕು. ಮೊದಲ ಸಲ ಎರಡೂವರೆ ಬಂದರೆ ಖುಷಿಪಡಿ. ಕರಗುವ ಬಿಂದು 162ರಿಂದ 164 ಡಿಗ್ರಿ. ಅದಕ್ಕಿಂತ ಬಹಳ ಕೆಳಗೆ, ಅಗಲವಾದ ವ್ಯಾಪ್ತಿಯಲ್ಲಿ ಕರಗಿದರೆ ಬೈಫೀನೈಲ್ ಇನ್ನೂ ಉಳಿದಿದೆ, ಅಥವಾ ಹರಳು ಒಣಗಿಲ್ಲ. ಟಿಎಲ್‌ಸಿಯಲ್ಲಿ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ 9:1 ಇಟ್ಟರೆ ಮೇಲೆ ಬೈಫೀನೈಲ್, ನಡುವೆ ಬೆಂಜೋಫೀನೋನ್, ಕೆಳಗೆ ನಿಮ್ಮದು. ಒಂದು ಹರಳಿಗೆ ಒಂದು ಹನಿ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಮ್ಲ ಬಿಟ್ಟರೆ ಗಾಢ ಹಳದಿ ಬರುತ್ತದೆ. ಅದು ಟ್ರೈಫೀನೈಲ್ ಕಾರ್ಬೊಕೇಟಯಾನ್‌ನ ಬಣ್ಣ.

ನಿಮ್ಮ ಪ್ರಾಜೆಕ್ಟಿಗೆ ಬದಲಿಸಿಕೊಳ್ಳುವಾಗ

ಹ್ಯಾಲೈಡ್ ಅಥವಾ ಕೀಟೋನ್ ಅಣುವಿನಲ್ಲಿ ಬೇರೆಲ್ಲಾದರೂ ಹೈಡ್ರಾಕ್ಸಿಲ್, ಅಮೈನ್‌ನ ಹೈಡ್ರೋಜನ್, ಕಾರ್ಬಾಕ್ಸಿಲಿಕ್ ಆಮ್ಲ, ತುದಿಯ ಆಲ್ಕೈನ್ ಇದ್ದರೆ ಅದು ನೀರಿನ ಹಾಗೇ ಕಾರಕವನ್ನು ಕೊಲ್ಲುತ್ತದೆ. ಮೊದಲು ಅದನ್ನು ಮುಚ್ಚಿ, ಅಂದರೆ ಪ್ರೊಟೆಕ್ಟ್ ಮಾಡಿ.

ಏಪ್ರಿಲ್, ಮೇನಲ್ಲಿ ಈಥರ್ ಹಿಡಿದಿಡುವುದೇ ಸಾಹಸವಾದರೆ ಟಿಎಚ್‌ಎಫ್‌ಗೆ (ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕಕ್ಕೆ) ಬದಲಾಗಿ. ಅದರ ಕುದಿಬಿಂದು 66 ಡಿಗ್ರಿ, ನಮ್ಮ ಎತ್ತರದಲ್ಲಿ 63ರ ಹತ್ತಿರ. ಆರೈಲ್ ಕ್ಲೋರೈಡ್, ವಿನೈಲ್ ಹ್ಯಾಲೈಡ್‌ಗಳಿಗೆ ಹೇಗೂ ಅದೇ ಬೇಕು. ಆದರೆ ಎರಡು ಎಚ್ಚರಿಕೆ. ಅದಕ್ಕೂ ಪೆರಾಕ್ಸೈಡ್ ಕಟ್ಟುತ್ತದೆ. ಮತ್ತೆ ಅದು ನೀರಿನಲ್ಲಿ ಪೂರ್ತಿ ಬೆರೆಯುವುದರಿಂದ ವರ್ಕಪ್‌ನಲ್ಲಿ ಎರಡು ಪದರ ಕಾಣುವುದಿಲ್ಲ. ಹುಡುಗರು ಅರ್ಧ ಗಂಟೆ ಪದರಕ್ಕಾಗಿ ಕಾಯುವುದನ್ನು ನೋಡಿದ್ದೇನೆ. ಕ್ವೆಂಚ್ ಆದ ಮೇಲೆ ಈಥೈಲ್ ಅಸಿಟೇಟ್ ಮತ್ತು ಉಪ್ಪುನೀರು ಹಾಕಿ, ಪದರ ಬಿಡುತ್ತದೆ.

ಹೊರಡುವ ಮುಂಚೆ ಈಥರ್ ಬಾಟಲಿಯ ಮೇಲೆ ಇವತ್ತಿನ ದಿನಾಂಕ, ಪೆರಾಕ್ಸೈಡ್ ಪರೀಕ್ಷೆಯ ಫಲ ಬರೆಯಿರಿ. ಮೆಗ್ನೀಸಿಯಂ ಡಬ್ಬದ ಬಾಯಿಗೆ ಟೇಪ್ ಸುತ್ತಿ ಡೆಸಿಕೇಟರ್‌ಗೆ ಇಡಿ. ನಾಳೆ ಇನ್ನೊಬ್ಬರು ಮಾಡುವವರಿದ್ದರೆ ಗಾಜು ತೊಳೆದು ಈಗಲೇ ಓವನ್‌ಗೆ ಹಾಕಿ ಹೋಗಿ.